ಅತ್ತೆಯ ಬೆರಳೂ ಬೀಗದ ಕೈಯೂ

ಯಾರು ಏನು ಹೇಳಿದರೂ ನಂಬಿಬಿಡುವ ಸ್ವಭಾವ ನನ್ನದು. ಹೊಗಳಿಕೊಳ್ಳಲು ಹೇಳುತ್ತಿಲ್ಲ, ಹೊಲಿಗೆ ಕೆಲಸ ಮಾಡುವವಳಿಗೆ ಇದು ದೊಡ್ಡ ಊನ. ಅಳತೆ ಕೊಡಲು ಬಂದ ಹೆಂಗಸು “ಓದ್ವರ್ಸಕ್ಕಿಂತ ಎಲ್ಡಿಂಚು ಇಳ್ದಿವ್ನಿ ಕಣಕ್ಕ, ನೋಡ್ಕಂಡು ಕತ್ರಿಸು” ಅಂದರೆ, ಕೈಯಲ್ಲಿರುವ ಟೇಪು ಬೇರೆಯೇ ಹೇಳುತ್ತಿದ್ದರೂ ನಾನು ಅನುಮಾನಿಸುವುದು ಟೇಪನ್ನು. ಹದಿನೈದು ದಿನದ ಮೇಲೆ ಆಕೆ ಬ್ಲೌಸನ್ನು ವಾಪಸು ತಂದು “ಉಸ್ರಾಡಾಕೆ ಆಯ್ತಿಲ್ಲ” ಅಂದಾಗ ಹೊಲಿಗೆ ಬಿಚ್ಚುವವಳೂ ನಾನೇ. ನನ್ನ ತವರು ಹಂಪಾಪುರದ ಹತ್ತಿರದ ಹಳ್ಳಿ. ಅಲ್ಲಿ ನಮ್ಮ ಮನೆಗೆ ಬೀಗ ಹಾಕಿದ್ದನ್ನು ನಾನು ನೋಡಿದವಳೇ ಅಲ್ಲ. ಬಾಗಿಲಿಗೆ ಚಿಲಕ ಹಾಕುತ್ತಿದ್ದದ್ದು ಪಕ್ಕದ ಮನೆಯ ಮೇಕೆಗಳಿಗೆ ಹೆದರಿ. ಮಿರ್ಲೆಗೆ ಸೊಸೆಯಾಗಿ ಬಂದ ಮೇಲೆ ಇಲ್ಲಿ ಬೀಗವೇನೋ ಇತ್ತು, ಆದರೆ ಅದರ ಕೈ ಜಗುಲಿಯ ಗೂಡಿನಲ್ಲಿ ಇರುತ್ತಿತ್ತು. ಗೂಡು ಎಲ್ಲಿದೆ ಅಂತ ಬೀದಿಗೆಲ್ಲ ಗೊತ್ತಿತ್ತು. ಇಂಥ ಎರಡು ಮನೆಗಳಲ್ಲಿ ಬೆಳೆದ ಹೆಂಗಸಿನ ಕೈಗೆ ಪಾಸ್‌ವರ್ಡ್ ಕೊಟ್ಟರೆ ಆಕೆ ಏನು ಮಾಡಿಯಾಳು? ಹೊಲಿಗೆ ಮಿಷನ್ನಿನ ಮೇಲಿನ ಗೋಡೆಯಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನಿಂದ ದಪ್ಪಗೆ ಬರೆದಿಟ್ಟಿದ್ದೆ. ಮರೆತುಹೋಗಬಾರದಲ್ಲ.

ಪಾಸ್‌ವರ್ಡ್ ಯಾತಕ್ಕೆ ಅಂದರೆ, ನನ್ನದೊಂದು ವಿಡಿಯೋ ಚಾನೆಲ್ ಇದೆ. ಬ್ಲೌಸ್ ಕತ್ತರಿಸುವುದು, ತೋಳು ಕೂಡಿಸುವುದು, ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದು, ಇಂಥವನ್ನು ನಾಲ್ಕು ವರ್ಷದಿಂದ ಅದರಲ್ಲಿ ಹೇಳಿಕೊಡುತ್ತಾ ಬಂದಿದ್ದೇನೆ. ನಾನು ನೋಡೇ ಇಲ್ಲದ ಊರುಗಳ ಹೆಣ್ಣುಮಕ್ಕಳು ಬರೆಯುತ್ತಾರೆ: “ಅಕ್ಕಾ, ನಿಮ್ಮ ವಿಡಿಯೋ ನೋಡಿ ನನ್ನ ಮದುವೆ ಬ್ಲೌಸ್ ನಾನೇ ಹೊಲಿದೆ.” ಅಂಥ ಒಂದು ಸಾಲು ಓದಿದ ದಿನ ನನ್ನ ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ. ಮನೆಯವರು ಮಾತಾಡದೆ ಉಣ್ಣುತ್ತಾರೆ. ನನ್ನದು ಅಂತ ನಾನೇ ಕಟ್ಟಿಕೊಂಡದ್ದು ಇದೊಂದೇ ಅನ್ನುವುದು ಅವರಿಗೂ ಗೊತ್ತು.

ಒಂದು ದಿನ ನನಗೊಂದು ಇಮೇಲ್ ಬಂತು. ಬಹಳ ಮರ್ಯಾದೆಯ ಕಾಗದ. ನಿಮ್ಮ ಕಲಾಸೇವೆಯನ್ನು ಮೆಚ್ಚಿ ಹೊಸ ಹೊಲಿಗೆ ಯಂತ್ರವೊಂದನ್ನು ಉಡುಗೊರೆಯಾಗಿ ಕೊಡಬೇಕೆಂದಿದ್ದೇವೆ, ಇಲ್ಲಿ ಒತ್ತಿ ಒಳಗೆ ಬನ್ನಿ ಅಂತಿತ್ತು. ನನ್ನ ಕೆಲಸವನ್ನು ಕಲಾಸೇವೆ ಅಂದವರು ಅದುವರೆಗೆ ಯಾರೂ ಇರಲಿಲ್ಲ. ಒತ್ತಿದೆ, ಗೋಡೆ ನೋಡಿಕೊಂಡು ಪಾಸ್‌ವರ್ಡ್ ಹಾಕಿದೆ, ಫೋನಿಗೆ ಬಂದ ಸಂಖ್ಯೆ ಕೇಳಿದರು, ಅದನ್ನೂ ಕೊಟ್ಟೆ. ಯಂತ್ರ ಬರಲಿಲ್ಲ. ಮಾರನೆಯ ದಿನ ನನ್ನ ಚಾನೆಲ್ಲಿನಲ್ಲಿ ನನ್ನ ಮುಖದ ಜಾಗದಲ್ಲಿ ಕೋಟು ಹಾಕಿದ ಬೊಕ್ಕತಲೆಯ ಪರದೇಶಿಯೊಬ್ಬ ನಿಂತು ಅರ್ಥವಾಗದ ಭಾಷೆಯಲ್ಲಿ ಯಾವುದೋ ನಾಣ್ಯದ ವಿಷಯ ಮಾತಾಡುತ್ತಿದ್ದ.

ನಾನು ಫೋನು ಹಿಡಿದು ಅಡುಗೆಮನೆಗೆ ಓಡಿದೆ. ನಮ್ಮತ್ತೆ ಚಿಕ್ಕತಾಯಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಆ ಪುಣ್ಯಾತ್ಮನನ್ನು ಬಹಳ ಹೊತ್ತು ನೋಡಿದರು.

“ಯಾರಮ್ಮಿ ಈವಯ್ಯ? ಇವ್ನೂ ಬ್ಲೌಸ್ ಒಲಿತಾನಾ?”

“ಇಲ್ಲ ಅತ್ತೆ, ಕಳ್ಳ. ನನ್ ಚಾನೆಲ್ ಕದ್ಕೊಂಡವ್ನೆ.”

“ಕದ್ದವ್ನು ಮೊಕ ತೋರುಸ್ಕಂಡು ನಿಂತವ್ನಲ್ಲ, ಎಷ್ಟು ಧೈರ್ಯ!” ಅಂದರು.

ನನ್ನನ್ನು ಆಗ ಕಾಪಾಡಿದ್ದು ರೇಖಾ ಮೇಡಂ. ಅವರು ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ, ಬ್ಲೌಸ್ ಹೊಲಿಸಲು ನನ್ನ ಹತ್ತಿರವೇ ಬರುತ್ತಾರೆ. ಐದು ದಿನ ಕೂತು, ಎಲ್ಲೆಲ್ಲಿಗೋ ಬರೆದು, ಚಾನೆಲನ್ನು ಬಿಡಿಸಿ ತಂದುಕೊಟ್ಟರು. ಮೊದಲು ಗೋಡೆಯ ಬರಹ ಅಳಿಸಿ ಹಾಕಿಸಿದರು. ಆಮೇಲೆ, “ಭಾಗ್ಯಾ, ನೀವು ಯಾರನ್ನೂ ಅನುಮಾನಿಸೋ ಪೈಕಿ ಅಲ್ಲ. ಅದಕ್ಕೆ ನಿಮ್ಮ ಪರವಾಗಿ ಅನುಮಾನಿಸೋಕೆ ಒಂದು ವಸ್ತು ತರಿಸಿ” ಅಂದರು. ಅದರ ಹೆಸರು ಸೆಕ್ಯುರಿಟಿ ಕೀ. ಪಾಸ್‌ವರ್ಡ್ ಹಾಕಿದ ಮೇಲೆ ಈ ಕೀಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮುಟ್ಟಿದರೆ ಮಾತ್ರ ಒಳಗೆ ಬಿಡುತ್ತದಂತೆ. ಯಾರಾದರೂ ನಕಲಿ ಬಾಗಿಲು ಕಟ್ಟಿ ಕರೆದರೆ ಕೀ ಆ ಬಾಗಿಲಿಗೆ ಓಗೊಡುವುದೇ ಇಲ್ಲವಂತೆ. “ನೀವು ಮೋಸ ಹೋದ್ರೂ ಅದು ಹೋಗಲ್ಲ” ಅಂದರು. ಇಂಥ ಸೊಸೆಯನ್ನು ಹುಡುಕಿದ್ದರೆ ನಮ್ಮತ್ತೆಗೆ ಎಷ್ಟು ಸುಖವಿರುತ್ತಿತ್ತೋ ಅಂದುಕೊಂಡೆ. ಒಂದು ಕಳೆದರೆ ಇನ್ನೊಂದು ಇರಲಿ ಅಂತ ಎರಡು ತರಿಸಲು ಹೇಳಿದರು, ಎರಡು ತರಿಸಿದೆ.

ಕೊರಿಯರ್ ಬಂದಾಗ ನಮ್ಮ ಯಜಮಾನರು ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಅಗಲವಾದ ಡಬ್ಬ ಬಿಚ್ಚಿದರೆ ಒಳಗೊಂದು ಡಬ್ಬ, ಅದರೊಳಗೆ ದಪ್ಪ ಕಾಗದ, ಕಾಗದದ ಮೇಲೆ ಹೆಬ್ಬೆರಳಿನ ಗಾತ್ರದ ಎರಡು ಕಪ್ಪು ತುಂಡು. ನಡುವೆ ಚಿನ್ನದ ಬಣ್ಣದ ಒಂದೊಂದು ಬೊಟ್ಟು. “ಇದೇನಾ? ಇದುಕ್ಕೆ ಹಲ್ಲಿಲ್ಲ, ಕೈಯಿಲ್ಲ, ಇದ್ಯಾವ ಸೀಮೆ ಬೀಗದ ಕೈಯಮ್ಮಿ?” ಅಂದರು ಯಜಮಾನರು. ಅತ್ತೆ ಮಾತ್ರ ಬೊಟ್ಟನ್ನು ನೋಡಿ, “ಲಕ್ಸಣವಾಗದೆ ಬುಡು” ಅಂದರು.

ಭಾನುವಾರ ರೇಖಾ ಮೇಡಂ ಫೋನಿನಲ್ಲೇ ದಾರಿ ಹೇಳುತ್ತಾ ಹೋದರು. ನಡುಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಎಡಗೈಯಲ್ಲಿ ಫೋನ್ ಹಿಡಿದು ನಾನು ಕೂತೆ. ಹಿಂದಿನ ದಿನ ಬ್ಲೌಸಿನ ಅಂಚಿಗೆ ಪೈಪಿಂಗ್ ಕೂಡಿಸುವಾಗ ಮಿಷನ್ನಿನ ಸೂಜಿ ಬಲಗೈ ತೋರುಬೆರಳಿಗೆ ಇಳಿದಿತ್ತು. ಬೆರಳಿನ ತುದಿಗೆ ಎರಡು ಸುತ್ತು ಪ್ಲಾಸ್ಟರ್ ಹಾಕಿದ್ದೆ. ಅದನ್ನು ಈಗ ಹೇಳುತ್ತಿದ್ದೇನೆ. ಆಗ ಮೇಡಂಗೆ ಹೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಕೀ ಸಿಕ್ಕಿಸಿದೆ. ಬೊಟ್ಟಿನಲ್ಲಿ ಹಸಿರು ದೀಪ ಮಿಣುಕಿತು. “ಈಗ ಮುಟ್ಟಿ” ಅಂದರು. ಮುಟ್ಟಿದೆ. ಏನೂ ಆಗಲಿಲ್ಲ. ಸಮಯ ಮೀರಿತು, ಮತ್ತೆ ಪ್ರಯತ್ನಿಸಿ ಅಂತ ಬಂತು. ಮತ್ತೆ ಮುಟ್ಟಿದೆ, ಒತ್ತಿದೆ, ಉಜ್ಜಿದೆ. ನಾಲ್ಕನೆಯ ಸಲಕ್ಕೆ ಮೇಡಂಗೂ ಸಾಕಾಯಿತೇನೋ, “ಮನೇಲಿ ಇನ್ನ್ಯಾರಾದ್ರೂ ಇದ್ರೆ ಅವರ ಕೈಲಿ ಮುಟ್ಸಿ ನೋಡಿ” ಅಂದರು.

ಇನ್ನ್ಯಾರು ಅಂದರೆ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ. “ನನ್ ಕೈಲಾ? ಬುಡಮ್ಮಿ, ನನ್ ಬೆರಳು ಯಾವ ಮಿಷಿನ್ಗೂ ಆಗಾಕಿಲ್ಲ” ಅಂತ ಹಿಂದೆ ಸರಿದರು.

ಈ ಮಾತಿನ ಹಿಂದೆ ಒಂದು ನೋವಿದೆ. ಐವತ್ತು ವರ್ಷ ನಾಟಿ ಹಾಕಿ, ಕಳೆ ಕಿತ್ತು, ಸಗಣಿ ಬಾಚಿ, ಪಾತ್ರೆ ಉಜ್ಜಿ ಅತ್ತೆಯ ಬೆರಳುಗಳ ಗೆರೆಗಳೆಲ್ಲ ಸವೆದುಹೋಗಿವೆ. ಪಡಿತರ ಅಂಗಡಿಯ ಮಿಷನ್ನಿಗೆ ಅವರ ಹೆಬ್ಬೆಟ್ಟು ಹತ್ತುವುದೇ ಇಲ್ಲ. ಪ್ರತಿ ತಿಂಗಳೂ ಸಾಲಿನಲ್ಲಿ ನಿಲ್ಲುತ್ತಾರೆ, ಹೆಬ್ಬೆಟ್ಟು ಇಡುತ್ತಾರೆ, ಮಿಷನ್ನು ಕೆಂಪು ದೀಪ ತೋರಿಸುತ್ತದೆ. ಸೆರಗಿಗೆ ಒರೆಸಿ ಇನ್ನೊಂದು ಬೆರಳು ಇಡುತ್ತಾರೆ, ಮತ್ತೆ ಕೆಂಪು. ಹಿಂದಿನವರು ಗೊಣಗುತ್ತಾರೆ. ಕೊನೆಗೆ ಮಗನೋ ಸೊಸೆಯೋ ಹೋಗಿ ಬೆರಳು ಕೊಡಬೇಕು. ಒಂದು ಸಲ ಅಂಗಡಿಯಿಂದ ಬಂದು ಬಚ್ಚಲಲ್ಲಿ ನಿಂತು, ಎರಡೂ ಕೈ ನೋಡಿಕೊಳ್ಳುತ್ತಾ “ನಾನು ನಾನೇ ಅಲ್ವಂತೆ” ಅಂದಿದ್ದರು. ನಗುತ್ತಲೇ ಅಂದಿದ್ದರು, ಆದರೂ ನನಗೆ ಅದು ಮರೆತಿಲ್ಲ.

“ಒಂದ್ಸಲ ಮುಟ್ಟಿ ಅತ್ತೆ, ಹೋಗೋದೇನಿದೆ” ಅಂದೆ. ಅವರು ಕೈ ಒರೆಸಿಕೊಂಡು, ಮಗುವಿನ ಕೆನ್ನೆ ಮುಟ್ಟುವ ಹಾಗೆ ಬೊಟ್ಟಿನ ಮೇಲೆ ಬೆರಳಿಟ್ಟರು. ಇಟ್ಟದ್ದೇ ತಡ, ಪರದೆಯ ಮೇಲೆ ಹಸಿರು ಗುರುತು ಮೂಡಿ, ನಿಮ್ಮ ಕೀ ಸೇರಿಸಲಾಗಿದೆ ಅಂತ ಬಂತು.

“ಏನಂತೆ?” ಅಂದರು ಅತ್ತೆ, ಬೆರಳು ತೆಗೆಯದೆ.

“ಒಪ್ಕೊಂತು ಅತ್ತೆ! ಒಂದೇ ಸಲಕ್ಕೆ ಒಪ್ಕೊಂತು!”

ಆ ಮುಖವನ್ನು ನೀವು ನೋಡಬೇಕಿತ್ತು. ಎರಡನೆಯ ಕೀಗೂ ಅವರೇ ಬೆರಳಿಟ್ಟರು, ಅದೂ ಒಪ್ಪಿತು. ರೇಖಾ ಮೇಡಂ “ಆಯ್ತಲ್ಲ, ಸರಿ” ಅಂತ ಫೋನಿಟ್ಟರು. ಬೆರಳಿನ ಮಿಷನ್ ಅಂದರೆ ಪಡಿತರ ಅಂಗಡಿಯದು ಮಾತ್ರ ಗೊತ್ತಿದ್ದ ನಾನು ನಿಶ್ಚಯ ಮಾಡಿದೆ: ಕೀ ಅತ್ತೆಯ ಬೆರಳಚ್ಚನ್ನು ಒಳಗಿಟ್ಟುಕೊಂಡಿದೆ, ಇನ್ನು ಅವರು ಮುಟ್ಟಿದರೇ ಬಾಗಿಲು ತೆರೆಯುವುದು. ಅನುಮಾನ ಇರಬಾರದೆಂದು ಎರಡು ದಿನ ಬಿಟ್ಟು ನಾನೂ ಪರೀಕ್ಷೆ ಮಾಡಿದೆ, ಅದೇ ಪ್ಲಾಸ್ಟರ್ ಸುತ್ತಿದ ಬೆರಳಿನಿಂದ. ತೆರೆಯಲಿಲ್ಲ. ಯಜಮಾನರೂ ಬಂದು ಹೆಬ್ಬೆಟ್ಟಿನಿಂದ ಗಟ್ಟಿಯಾಗಿ ಅದುಮಿದರು. ತೆರೆಯಲಿಲ್ಲ. ಅವರು ಬೊಟ್ಟು ಬಿಟ್ಟು ಪಕ್ಕದ ಪ್ಲಾಸ್ಟಿಕ್ಕನ್ನು ಅದುಮುತ್ತಿದ್ದರು ಅನ್ನುವುದು ಆ ಹೊತ್ತಿಗೆ ಇಬ್ಬರಿಗೂ ಕಾಣಲಿಲ್ಲ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಅತ್ತೆಯ ರಾಜ್ಯಭಾರ. ಕಳ್ಳರಿಗೆ ಬೆದರಿದ ನಾನು ಫೋನಿನಿಂದ ಚಾನೆಲನ್ನೇ ತೆಗೆಸಿದ್ದೆ. ಲ್ಯಾಪ್‌ಟಾಪಿನಲ್ಲೂ ಕೆಲಸ ಮುಗಿದ ಕೂಡಲೇ ಲಾಗೌಟ್. ಹಾಗಾಗಿ ದಿನಕ್ಕೊಂದು ಸಲವಾದರೂ “ಅತ್ತೇ, ಬೆರಳು!” ಅಂತ ಕೂಗಬೇಕಾಗುತ್ತಿತ್ತು. ಅವರು ಹಿತ್ತಿಲಲ್ಲಿದ್ದರೆ ಹಿತ್ತಿಲಿಂದ, ಬೀದಿಯಲ್ಲಿದ್ದರೆ ಮಾತನ್ನು ಅರ್ಧಕ್ಕೆ ನಿಲ್ಲಿಸಿ, “ಬತ್ತೀನಿ ತಡೀರಮ್ಮಿ, ಅಲ್ಲಿ ನಾನಿಲ್ದೆ ನಡ್ಯಾಕಿಲ್ಲ” ಅಂತ ಗೆಳತಿಯರಿಗೆ ಹೇಳಿ ಬರುತ್ತಿದ್ದರು. ಸೋಪು ಹಾಕಿ ಕೈ ತೊಳೆದು, ಒರೆಸಿ, ಮುಟ್ಟಿ, ಹಸಿರು ಗುರುತು ನೋಡಿದ ಮೇಲೇ ಏಳುವುದು. ಒಂದು ಕೀ ಅವರ ಎಲೆ ಅಡಿಕೆ ಚೀಲದಲ್ಲಿ, ಇನ್ನೊಂದು ಕಬ್ಬಿಣದ ಟ್ರಂಕಿನಲ್ಲಿ. ಮುಂದಿನ ತಿಂಗಳು ಪಡಿತರ ಅಂಗಡಿಗೆ ಹೋದಾಗ ಮಿಷನ್ನು ಯಥಾಪ್ರಕಾರ ಕೆಂಪಗಾಯಿತು. ಅತ್ತೆ ಈ ಸಲ ಬೆರಳನ್ನು ಸೆರಗಿಗೆ ಒರೆಸಲಿಲ್ಲವಂತೆ. ಸೊಂಟಕ್ಕೆ ಕೈಯಿಟ್ಟು, “ಪರದೇಸದ ಮಿಷಿನ್ನು ಒಂದೇ ಕಿತ ಮುಟ್ಟುದ್ರೆ ಒಪ್ಕತ್ತದೆ ಕಣಪ್ಪ. ನನ್ ಬೆರಳು ಸರ್ಯಾಗೇ ಅದೆ. ನಿನ್ ಮಿಷಿನ್ಗೇ ವಯಸ್ಸಾಗದೆ, ಅದ್ನ ಡಾಕ್ಟ್ರುಗೆ ತೋರ್ಸು” ಅಂದರಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ, ಅಂಗಡಿಯವನೂ ನಕ್ಕನಂತೆ. ಬಚ್ಚಲಲ್ಲಿ ನಿಂತು ಕೈ ನೋಡಿಕೊಂಡ ಅತ್ತೆಯೇ ಇವರು ಅಂತ ನನಗೆ ನಂಬಲಾಗಲಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ಹೊಸ ಮಾದರಿಯ ತೋಳು ತೋರಿಸುತ್ತೇನೆ ಅಂತ ಚಾನೆಲ್ಲಿನಲ್ಲಿ ಮಾತು ಕೊಟ್ಟಿದ್ದೆ. ವಿಡಿಯೋ ಸಿದ್ಧವಾಗಿತ್ತು. ಆದರೆ ಅತ್ತೆ ಮಗಳ ಮನೆಗೆ ಹೋಗಿ ವಾರವಾಗಿತ್ತು. ನನ್ನ ನಾದಿನಿ ಸವಿತಳನ್ನು ಕೊಟ್ಟಿರುವುದು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ. ಅವರದು ಹೊಗೆಸೊಪ್ಪಿನ ಬೇಸಾಯ, ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಕಾಲ, ಕೈಗೆ ಆಳು ಸಾಲದು ಅಂತ ಅಮ್ಮನನ್ನು ಕರೆಸಿಕೊಂಡಿದ್ದಳು. ಅತ್ತೆ ಹೊರಡುವಾಗ ಎಲೆ ಅಡಿಕೆ ಚೀಲದಿಂದ ಕೀ ತೆಗೆದು ನನಗೆ ಕೊಟ್ಟಿದ್ದರು. ಬೆರಳನ್ನು ಕೊಡುವುದು ಹೇಗೆ? ಇಲ್ಲಿ ಹೆಣ್ಣುಮಕ್ಕಳು “ಅಕ್ಕಾ, ತೋಳು ಯಾವಾಗ?” ಅಂತ ಸಾಲುಸಾಲಾಗಿ ಬರೆಯುತ್ತಿದ್ದರು. ಹಬ್ಬ ಮುಗಿದ ಮೇಲೆ ತೋಳು ಹೇಳಿಕೊಟ್ಟರೆ ಯಾರಿಗೆ ಬೇಕು? ರೇಖಾ ಮೇಡಂಗೆ ಫೋನ್ ಮಾಡೋಣವೆಂದರೆ ಅವರು ಪರೀಕ್ಷೆ ಕೆಲಸದಲ್ಲಿ ಸಿಗಲೊಲ್ಲರು. ಒಂದು ಬೆಳಿಗ್ಗೆ ಲ್ಯಾಪ್‌ಟಾಪನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಬ್ಯಾಗಿಗೆ ಹಾಕಿ, ಕೀಯನ್ನು ಪರ್ಸಿನೊಳಗೆ ಇಟ್ಟು ಬಸ್ಸು ಹತ್ತಿದೆ. ಕೆ.ಆರ್. ನಗರದಲ್ಲಿ ಇಳಿದು ಹುಣಸೂರಿಗೆ, ಹುಣಸೂರಿನಲ್ಲಿ ಇಳಿದು ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಆಟೋ. ಪಕ್ಕದ ಸೀಟಿನ ಹೆಂಗಸು “ಎಲ್ಲಿಗವ್ವ?” ಅಂತ ಕೇಳಿದಳು. “ನಮ್ಮತ್ತೆ ಬೆರಳಿಗೆ” ಅಂದೆ. ಆಕೆ ಹುಣಸೂರಿನ ತನಕ ಮತ್ತೆ ಮಾತಾಡಿಸಲಿಲ್ಲ.

ಸವಿತಳ ಮನೆ ಮುಂದಿನ ಚಪ್ಪರದಲ್ಲಿ ಏಳೆಂಟು ಹೆಂಗಸರು ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ನಡುವೆ ನಮ್ಮತ್ತೆ. ನನ್ನನ್ನು ಕಂಡು ಮೊದಲು ಗಾಬರಿಯಾದರು. ಬಂದ ಕಾರಣ ಕೇಳಿದ ಮೇಲೆ ಎದ್ದು ನಿಂತ ಆ ನಿಲುವಿತ್ತಲ್ಲ, ಯಾವ ಮಂತ್ರಿಗೂ ಬರಲಿಕ್ಕಿಲ್ಲ.

“ನೋಡ್ರಮ್ಮಿ, ನಾನು ಯೋಳುದ್ರೆ ನಗ್ತಿದ್ರಿ! ನನ್ ಬೆರಳಿಲ್ದೆ ಅಲ್ಲಿ ಬಾಗ್ಲೇ ತೆಗ್ಯಾಕಿಲ್ಲ. ಅದ್ಕೆ ಮಿರ್ಲೆಯಿಂದ ಇಲ್ಗಂಟ ಬಂದವ್ಳೆ!”

ಕೆಲಸ ನಿಂತಿತು. ಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದ ಕೈಯನ್ನು ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದರು. ಒಬ್ಬಳು ನೀರು ಹೊಯ್ದಳು, ಒಬ್ಬಳು ಟವಲ್ಲು ಹಿಡಿದಳು. ಫೋನಿನಿಂದ ಇಂಟರ್ನೆಟ್ ಕೊಟ್ಟು ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಹೆಂಗಸರೆಲ್ಲ ಕತ್ತು ಚಾಚಿ ಸುತ್ತ ನಿಂತರು. ಅತ್ತೆ ಬೆರಳಿಟ್ಟರು. ಹಸಿರು! ಚಪ್ಪಾಳೆಯೋ ಚಪ್ಪಾಳೆ. ಸವಿತ “ಅವ್ವಾ, ನೀನು ಬಾರಿ ಬುಡು!” ಅಂದಳು. ಆ ಸಂಭ್ರಮದಲ್ಲಿ ನಾನೂ ಚಪ್ಪಾಳೆ ತಟ್ಟಿ, ನಕ್ಕು, ವಿಡಿಯೋ ಏರಿಸುವುದನ್ನೇ ಮರೆತು, ಅಭ್ಯಾಸದಂತೆ ಲಾಗೌಟ್ ಒತ್ತಿಬಿಟ್ಟೆ.

ತಿಳಿಯುವ ಹೊತ್ತಿಗೆ ಅತ್ತೆ ಒಳಗೆ ಕಾಫಿ ಕಾಯಿಸಲು ಹೋಗಿದ್ದರು, ಹೆಂಗಸರು ಚಪ್ಪರಕ್ಕೆ ಮರಳಿದ್ದರು. ಮತ್ತೆ ಕರೆದರೆ ನನ್ನ ಮಾನ ಹೋಗುತ್ತದೆ. ಹೇಗೂ ಬರುತ್ತಾರಲ್ಲ ಅಂತ ಪಾಸ್‌ವರ್ಡ್ ಹಾಕಿ, ಕೀ ಸಿಕ್ಕಿಸಿಟ್ಟೆ. ಬೊಟ್ಟು ಮಿಣುಕತೊಡಗಿತು. ಜಗುಲಿಯ ಮೂಲೆಯಲ್ಲಿ ಮಲಗಿದ್ದ ಸವಿತಳ ಮನೆಯ ಬೆಕ್ಕು ಆ ಮಿಣುಕನ್ನು ನೋಡಿತು. ಮೈ ಮುರಿದು ಎದ್ದು ಬಂತು. ಏನೋ ತಿನ್ನುವ ವಸ್ತು ಅಂದುಕೊಂಡಿತೇನೋ, ಒದ್ದೆ ಮೂಗನ್ನು ತಂದು ಬೊಟ್ಟಿಗೆ ಒತ್ತಿತು. ಹಸಿರು ಗುರುತು ಬಂತು. ಬಾಗಿಲು ತೆರೆಯಿತು. ಒಳಗೆ ನನ್ನ ಚಾನೆಲ್.

ನಾನು ಬೆಕ್ಕನ್ನು ನೋಡಿದೆ, ಬೆಕ್ಕು ನನ್ನನ್ನು ನೋಡಿತು. ಸುತ್ತ ಯಾರೂ ಇಲ್ಲ ಅಂತ ಖಚಿತ ಮಾಡಿಕೊಂಡು ಲಾಗೌಟ್ ಮಾಡಿ ನನ್ನ ಎಡಗೈ ಕಿರುಬೆರಳಿನಿಂದ ಮುಟ್ಟಿದೆ. ತೆರೆಯಿತು. ಬಲಗೈ ತೋರುಬೆರಳು, ಗಾಯ ಮಾಗಿ ಪ್ಲಾಸ್ಟರ್ ಹೋಗಿ ಎಷ್ಟೋ ದಿನವಾಗಿದ್ದ ಅದೇ ಬೆರಳು, ತೆರೆಯಿತು. ಮೊಣಕೈಯಿಂದಲೂ ಮುಟ್ಟಿದೆ, ಮರೆಮಾಚುವುದೇಕೆ? ಅದಕ್ಕೂ ತೆರೆಯಿತು. ವಿಡಿಯೋ ಏರಿಸಿ, ಹಿತ್ತಿಲ ಕಡೆ ಹೋಗಿ ರೇಖಾ ಮೇಡಂಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಸಿಕ್ಕರು. ಕೇಳಿ ಕೇಳಿ ನಕ್ಕರು. “ಅದು ಬೆರಳಚ್ಚು ನೋಡೋ ಜಾತಿ ಅಲ್ಲ ಭಾಗ್ಯಾ. ಮುಂದೆ ಒಬ್ಬ ಮನುಷ್ಯ ಇದಾನಾ ಅಂತ ಮಾತ್ರ ನೋಡುತ್ತೆ. ಪ್ಲಾಸ್ಟರ್ ಸುತ್ತಿದ್ರೆ ಅದಕ್ಕೆ ಗೊತ್ತಾಗಲ್ಲ, ಅಷ್ಟೇ” ಅಂದರು. ಬೆಕ್ಕಿನ ವಿಷಯ ನಾನು ಹೇಳಲಿಲ್ಲ. ಮೇಡಂಗೆ ಕೀಯ ಮೇಲಿದ್ದ ಗೌರವ ನನ್ನಿಂದ ಕಡಿಮೆಯಾಗುವುದು ಬೇಡ ಅನ್ನಿಸಿತು.

ತಿರುಗಿ ಬರುವಾಗ ಚಪ್ಪರದಲ್ಲಿ ಅತ್ತೆ ಕಾಫಿ ಲೋಟ ಹಂಚುತ್ತಾ, ಮೊದಲ ದಿನ ತಾನು ಹೇಗೆ ಮುಟ್ಟಿದೆ, ಅದು ಹೇಗೆ ಒಂದೇ ಸಲಕ್ಕೆ ಒಪ್ಪಿತು ಅನ್ನುವುದನ್ನು ಕೈಕರಣದೊಂದಿಗೆ ಹೇಳುತ್ತಿದ್ದರು. ಹೆಂಗಸರು ಅವರ ಬೆರಳನ್ನು ಹಿಡಿದು ತಿರುಗಿಸಿ ನೋಡುತ್ತಿದ್ದರು. ಹೇಳೋಣವೆಂದು ತೆರೆದ ಬಾಯನ್ನು ಹಾಗೇ ಮುಚ್ಚಿದೆ. ಒಬ್ಬ ಮನುಷ್ಯ ಇದಾನಾ ಅಂತ ಮಾತ್ರ ನೋಡುತ್ತೆ ಅಂದರಲ್ಲ ಮೇಡಂ, ಅಷ್ಟು ನೋಡಿದರೆ ಸಾಲದೇ? ಈ ಗುಟ್ಟು ನನ್ನ ಹೊಟ್ಟೆಯಲ್ಲೇ ಇರಲಿ ಅಂದುಕೊಂಡೆ. ನಾನೆಷ್ಟು ಒಳ್ಳೆಯ ಸೊಸೆ ಅಂತ ನನಗೇ ನನ್ನ ಮೇಲೆ ಪ್ರೀತಿ ಬಂತು. ಮರಳುವ ಬಸ್ಸಿನಲ್ಲಿ ಆ ಪ್ರೀತಿಯಲ್ಲೇ ಒಂದು ಸ್ಟಾಪು ಮುಂದೆ ಹೋಗಿ ಇಳಿದೆ.

ಅತ್ತೆ ಮನೆಗೆ ಬಂದ ಮೇಲೂ “ಅತ್ತೇ, ಬೆರಳು!” ನಡೆಯುತ್ತಲೇ ಇತ್ತು. ಎರಡು ತಿಂಗಳು ನಡೆಯಿತು. ಆಮೇಲೆ ಸಾಲಿಗ್ರಾಮದ ನೆಂಟರ ಮನೆಯ ಮದುವೆಗೆ ಅತ್ತೆ ಎರಡು ದಿನ ಮುಂಚೆಯೇ ಹೋದರು. ನನಗೆ ಒಂದು ಹೊಸ ಕುಚ್ಚಿನ ವಿಡಿಯೋ ಏರಿಸುವ ತುರ್ತು. ಯಾರೂ ನೋಡುತ್ತಿಲ್ಲವಲ್ಲ ಅಂತ ಟ್ರಂಕಿನಲ್ಲಿದ್ದ ಎರಡನೆಯ ಕೀ ತೆಗೆದು ನಾನೇ ಮುಟ್ಟಿ, ಏರಿಸಿ, ಮತ್ತೆ ಟ್ರಂಕಿಗೇ ಇಟ್ಟೆ. ವಿಡಿಯೋ ಏರಿಸುವುದು ಅಂದರೆ ಊರಿಗೆಲ್ಲ ತೋರಿಸುವುದು ಅನ್ನುವ ಸಣ್ಣ ಸಂಗತಿ ಆ ಹೊತ್ತಿಗೆ ನನ್ನ ತಲೆಗೆ ಬರಲಿಲ್ಲ. ಮದುವೆ ಮನೆಯಲ್ಲಿ ಯಾರೋ ಫೋನ್ ಹಿಡಿದು “ನೋಡಜ್ಜಿ, ನಿಮ್ಮ ಸೊಸೆ ಈಗ ತಾನೇ ಹಾಕವ್ರೆ” ಅಂತ ಅತ್ತೆಗೆ ತೋರಿಸಿದ್ದಾರೆ. ಹತ್ತೇ ನಿಮಿಷಕ್ಕೆ ನನಗೆ ಕರೆ.

“ಅಮ್ಮಿ, ನಾನು ಇಲ್ಲಿವ್ನಿ. ಬಾಗ್ಲು ಎಂಗೆ ತೆಗಿತು?”

ಹಳೆಯ ವಿಡಿಯೋ ಅನ್ನೋಣವೇ? ರೇಖಾ ಮೇಡಂ ಬಂದಿದ್ದರು ಅನ್ನೋಣವೇ? ಸುಳ್ಳು ನಂಬುವುದು ಬರುತ್ತದೆ, ಹೇಳುವುದು ನನಗೆ ಬರುವುದಿಲ್ಲ. “ಅದು… ನಾನೇ ಮುಟ್ದೆ ಅತ್ತೆ” ಅಂದೆ.

ಆ ಕಡೆಯಿಂದ ಮದುವೆ ಮನೆಯ ಗದ್ದಲ ಕೇಳುತ್ತಿತ್ತು. ಎರಡು ತಿಂಗಳು ಜೋಪಾನವಾಗಿ ಕಾದದ್ದೆಲ್ಲ ಮುರಿದುಬಿತ್ತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

“ನಿನ್ನ ಬೆರಳ್ನೂ ಒಪ್ಕಂತಾ?” ಅಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಸಂತೋಷವಿತ್ತು. “ಅಂತೂ ಒಪ್ಕಂತಲ್ಲ, ಸದ್ಯ! ನಾನು ಮುಟ್ಟಿ ಮುಟ್ಟಿ ಅದ್ನ ಪಳಗ್ಸಿವ್ನಿ ಕಣಮ್ಮಿ. ಇನ್ನು ನಿನ್ ಮಾತೂ ಕೇಳ್ತದೆ. ಎಷ್ಟು ದಿನದಿಂದ ನೀನು ಕೂಗ್ತಿದ್ದೆ, ಪಾಪ, ನಂಗೇ ಕರುಳು ಚುರ್ರಂತಿತ್ತು. ನಾಳಿಕೆ ಇನ್ನೊಂದ್ಕಿತ ಮುಟ್ಟು, ಎದ್ರುಕೊಬ್ಯಾಡ.”

“ಆಗ್ಲಿ ಅತ್ತೆ” ಅಂದೆ. ಬೇರೇನು ಅನ್ನಲಿ?

ಮದುವೆ ಮುಗಿಸಿ ಬಂದವರು ಈ ಸುದ್ದಿಯನ್ನು ಬೀದಿಗೆಲ್ಲ ಹಂಚಿದ್ದಾರೆ. ಈಗ ಅಳತೆ ಕೊಡಲು ಬರುವ ಹೆಂಗಸರು ಟೇಪು ಹಿಡಿಯುವ ಮೊದಲು ನನ್ನ ಬೆರಳನ್ನು ಕರುಣೆಯಿಂದ ನೋಡುತ್ತಾರೆ. ಮೊನ್ನೆ ಒಬ್ಬಾಕೆ ತೋಳೆತ್ತಿ ನಿಂತುಕೊಂಡೇ ಸಮಾಧಾನ ಹೇಳಿದಳು: “ನಿಮ್ಮತ್ತೆ ಯೋಳುದ್ರು ಕಣಕ್ಕ. ಒಬ್ಬೊಬ್ಬರ ಕೈ ವಸಿ ನಿಧಾನವಂತೆ. ಬೇಜಾರು ಮಾಡ್ಕಬ್ಯಾಡಿ.” ನಾನು ಬೇಜಾರು ಮಾಡಿಕೊಂಡಿಲ್ಲ ಅಂದೆ. ಆಕೆ ನಂಬಲಿಲ್ಲ.